ಹಸಿರು ಬ್ರಷ್ಷು ಯಾರದು?

ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಾನು ಹುಟ್ಟಿನಿಂದಲೇ ಕುತೂಹಲಿ. ನನ್ನ ಹೆಂಡತಿ ಸುನಂದಾ ಈ ಗುಣಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ! ಹೆದ್ದಾರಿಯಲ್ಲಿ ಲಾರಿ ನಿಂತರೆ ಒಳಗೇನು ಹೇರಿದ್ದಾರೆ ಎಂದು ತಾಡಪತ್ರಿ ಎತ್ತಿ ನೋಡುವವನು ನಾನು. ಪಕ್ಕದ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಬೇಳೆಯೋ ಅನ್ನವೋ ಎಂದು ತಿಳಿಯುವ ತನಕ ನನಗೆ ರೊಟ್ಟಿ ಗಂಟಲಲ್ಲಿ ಇಳಿಯದು. ಇಂಥ ಗುಣದಿಂದಲೇ ಲೋಕದಲ್ಲಿ ದೊಡ್ಡ ದೊಡ್ಡ ಸಂಶೋಧನೆಗಳು ಆಗಿವೆಯಂತೆ. ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳುತ್ತೇನೆ.

ಎಲ್ಲಾ ಶುರುವಾದದ್ದು ನನ್ನ ದವಡೆ ಹಲ್ಲಿನಿಂದ. ಅದು ನೋಯಲು ಶುರುವಾಗಿ, ಲವಂಗ ಇಟ್ಟರೂ ಬಗ್ಗದೆ, ಕೊನೆಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕಾಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು ಒಳಗೆಲ್ಲಾ ನೋಡಿ ಕೇಳಿದರು.

"ಬ್ರಷ್ ಬದಲ್ ಮಾಡಿ ಎಷ್ಟು ದಿನ ಆತ್ರಿ?"

"ಬದಲ್ ಯಾಕ್ರಿ ಡಾಕ್ಟರ್? ಇನ್ನೂ ಗಟ್ಟಿ ಅದ. ನಮ್ಮ ಬೋರ್ ಹೊಡ್ಸಿದ ವರ್ಷ ತಂದದ್ದು," ಎಂದೆ, ಹೆಮ್ಮೆಯಿಂದ.

ಅವರು ಕೈಯಲ್ಲಿದ್ದ ಸಾಮಾನನ್ನು ಟ್ರೇಯಲ್ಲಿ ಇಟ್ಟುಬಿಟ್ಟರು. ಆಮೇಲೆ ಶುರುವಾಯಿತು ನೋಡಿ ಪಾಠ! ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಬೇಕು. ಎಳೆಗಳು ಬಾಗಿದರೆ ಅದಕ್ಕೂ ಮೊದಲೇ ಬದಲಿಸಬೇಕು. ತಿಕ್ಕಿದ ಮೇಲೆ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಬೇಕು. ಹಸಿ ಇದ್ದಾಗಲೇ ಮುಚ್ಚಳ ಹಾಕಿಡಬಾರದು. ಒಂದರ ತಲೆಗೆ ಇನ್ನೊಂದರ ತಲೆ ತಾಗಬಾರದು. ಮತ್ತೆ, ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಾಯಿಗೆ ಇಡಲೇಬಾರದು, ಗಂಡ-ಹೆಂಡತಿಯಾದರೂ ಸರಿ.

ನಾನು ಬೆರಗಾದೆ. ಐವತ್ತು ದಾಟಿದ ನನಗೆ ದಿನಾ ಬಾಯಲ್ಲಿ ಇಟ್ಟುಕೊಳ್ಳುವ ವಸ್ತುವಿನ ಬಗ್ಗೆ ಏನೂ ಗೊತ್ತಿರಲಿಲ್ಲ! ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು, ಅಲ್ಲಿಂದಲೇ ಅಂಗಡಿಗೆ ಹೋಗಿ ನನಗೊಂದು ನೀಲಿ, ಸುನಂದಾಗೊಂದು ಕೆಂಪು ಬ್ರಷ್, ಗೋಡೆಗೆ ಹೊಡೆಯುವ ಒಂದು ಸ್ಟ್ಯಾಂಡು ಕೊಂಡು ಮನೆಗೆ ಬಂದೆ. ಮಕ್ಕಳಿಬ್ಬರೂ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾರೆ. ಆದ್ದರಿಂದ ಮನೆಯಲ್ಲಿ ಬ್ರಷ್ ಹಿಡಿಯುವವರು ನಾವಿಬ್ಬರೇ.

"ಹಳೀವು ಎರಡೂ ಈಗಿಂದೀಗ ಹೊರಗ ಒಗೀಬೇಕು," ಎಂದು ಸುನಂದಾಗೆ ಆಜ್ಞೆ ಮಾಡಿದೆ.

"ಒಗ್ಯಾಕ ಅವುಗಳ ಜೀವ ಹೋಗ್ಯದೇನು?" ಎಂದಳು ಅವಳು.

ಅವಳು ಹೇಳಿದ್ದು ನಿಜ. ನಮ್ಮ ಕಡೆ ಬ್ರಷ್ಷಿಗೆ ಸಾವಿಲ್ಲ, ಬರೀ ವರ್ಗಾವಣೆ. ಹಲ್ಲಿನ ಇಲಾಖೆಯಲ್ಲಿ ನಿವೃತ್ತಿಯಾದ ಮೇಲೆ ಅದು ಬಾಚಣಿಗೆಯ ಕೊಳೆ ತೆಗೆಯುತ್ತದೆ. ಅಲ್ಲಿಂದ ಮಿಕ್ಸರ್ ಜಾರಿನ ಸಂದಿಗೆ ಹೋಗುತ್ತದೆ. ಎಳೆಗಳೆಲ್ಲಾ ಉದುರಿದ ಮೇಲೂ ಬಿಡುಗಡೆ ಇಲ್ಲ. ತಲೆ ಮುರಿದು, ಹಿಡಿಕೆಯ ತೂತಿಗೆ ದಾರ ಕಟ್ಟಿ, ಲಂಗಕ್ಕೆ ನಾಡಾ ಪೋಣಿಸುವ ಕೆಲಸಕ್ಕೆ ಹಚ್ಚುತ್ತಾರೆ. ನನ್ನ ಹಳೆಯ ಬ್ರಷ್ಷು ಅಂದೇ ಮಿಕ್ಸರಿನ ಚಾರ್ಜು ವಹಿಸಿಕೊಂಡಿತು.

ಆ ದಿನಗಳಲ್ಲಿ ನಮ್ಮ ಅತ್ತೆ ನೀಲಮ್ಮ ಮಾದನಹಿಪ್ಪರಗಾದಿಂದ ಬಂದು ನಮ್ಮಲ್ಲೇ ಇದ್ದರು. ಬೇಸಿಗೆಯ ಶ್ಯಾವಿಗೆ ಮಾಡಿಸಿಕೊಡಲು ಬಂದಿದ್ದೇನೆ ಅಂದಿದ್ದರು. ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ಅವರು ಹಳೆಯ ರಿವಾಜಿನವರು, ಅಳಿಯನ ಮುಂದೆ ಸೆರಗು ತೆಗೆಯುವುದಿಲ್ಲ, ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಒಂದೇ ಕೋಣೆಯಲ್ಲಿ ನಾನು ಎದುರಿಗೇ ಕೂತಿದ್ದರೂ, "ಅಳ್ಯಾರಿಗಿ ಹೇಳವ್ವಾ, ಫ್ಯಾನ್ ಸಣ್ಣ ಮಾಡ್ಲಿ" ಎಂದು ಮಗಳಿಗೆ ಹೇಳುತ್ತಾರೆ. ನಾನೂ "ಅತ್ತಿಗಿ ಹೇಳು, ಮಾಡೀನಿ" ಎನ್ನುತ್ತೇನೆ. ನಡುವೆ ಸುನಂದಾ ಟೆಲಿಫೋನ್ ಎಕ್ಸ್‌ಚೇಂಜು. ಮದುವೆಯಾದಾಗಿನಿಂದ ಲೈನು ಹೀಗೇ ನಡೆದಿತ್ತು.

ಎರಡನೆಯದು ಮಿಸ್ರಿ. ಹುರಿದು ಕಪ್ಪಗೆ ಪುಡಿ ಮಾಡಿದ ತಂಬಾಕನ್ನು ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ಬೆರಳಿಗೆ ಹಚ್ಚಿ ಹಲ್ಲು ತಿಕ್ಕುತ್ತಾರೆ. ಅತ್ತೆಯ ಸೊಂಟದಲ್ಲಿ ಮಿಸ್ರಿ ಡಬ್ಬಿ ಇಲ್ಲದ ದಿನವನ್ನು ಅವರ ಓಣಿ ಕಂಡಿರಲಿಲ್ಲ. ಬ್ರಷ್ ಅಂದರೆ ಅವರಿಗೆ ಆಗದು. ಅದರ ಕೂದಲು ಹಂದಿಯದು ಎಂದು ಯಾರೋ ಹಿಂದೆ ಹೇಳಿದ್ದರಂತೆ. "ಸಾಯೂತನಕ ಹಂದಿ ಕೂದಲ ಬಾಯಾಗ ಇಡಂಗಿಲ್ಲ" ಎಂದು ಅವರು ನಮ್ಮ ಓಣಿಯ ಹೆಂಗಸರ ಮುಂದೆಯೂ ಆಣೆ ಮಾಡಿದ್ದರು. ಬ್ರಷ್ ಹಿಡಿದ ಸೊಸೆಯಂದಿರನ್ನು ಕಂಡರೆ ಊರಿಡೀ ಆಡಿಕೊಳ್ಳುತ್ತಿದ್ದರು.

ಸ್ಟ್ಯಾಂಡು ಹೊಡೆದು ವಾರವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಸೋಪು ಕೆಳಗೆ ಬಿತ್ತು. ಹುಡುಕಲು ಬಗ್ಗಿದವನಿಗೆ ಹಂಡೆಯ ಹಿಂದಿನ ಗೂಡಿನಲ್ಲಿ ಒಂದು ಬ್ರಷ್ ಕಾಣಿಸಿತು. ಹಸಿರು ಬಣ್ಣದ್ದು. ಹೊಸದು. ಮುಟ್ಟಿ ನೋಡಿದೆ. ಒದ್ದೆ!

ಮಿಕ್ಸರಿನದಲ್ಲ, ಬಾಚಣಿಗೆಯದಲ್ಲ. ಬ್ರಷ್ ಹಿಡಿಯುವ ಎರಡೇ ಬಾಯಿ ಇರುವ ಮನೆಯಲ್ಲಿ ಮೂರನೆಯ ಬ್ರಷ್! ಅತ್ತೆಯ ಹೆಸರು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಗಟ್ಟಿ ಅವರ ಆಣೆ.

"ಲೇ ಸುನಂದಾ, ಬಚ್ಚಲಾಗ ಹಸಿರು ಬ್ರಷ್ ಅದಲ್ಲ, ಅದು ಯಾರದು?"

ಅವಳು ರೊಟ್ಟಿ ಬಡಿಯುವುದನ್ನು ಒಂದು ಗಳಿಗೆ ನಿಲ್ಲಿಸಿದಳು. "ನನಗೇನ್ ಗೊತ್ತ್ರಿ? ಇದ್ದರ ಇರವಲ್ದ್ಯಾಕ. ಅದೇನು ನಿಮಗ ಅನ್ನ ಕೇಳ್ತದೇನು?" ಎಂದವಳೇ ಮತ್ತೆ ಜೋರಾಗಿ ಬಡಿಯತೊಡಗಿದಳು. ಬುದ್ಧಿವಂತ ಗಂಡ ಅಲ್ಲಿಗೇ ಬಿಡುತ್ತಿದ್ದ. ನಾನು ತನಿಖೆ ಕೈಗೆತ್ತಿಕೊಂಡೆ.

ಮೊದಲ ಸಂಶಯ ಪಕ್ಕದ ಮನೆಯ ರಜಾಕ್ ಸಾಬರ ಮೇಲೆ. ಟೈರ್ ಪಂಕ್ಚರ್ ಅಂಗಡಿಯವರು, ನನ್ನ ಹಳೆಯ ಗೆಳೆಯರು. ಅವರ ಮೋಟರು ಸುಟ್ಟಿದ್ದರಿಂದ ಕೆಲವು ದಿನದಿಂದ ನಮ್ಮ ಬಚ್ಚಲಿನ ನಲ್ಲಿಯಿಂದಲೇ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಅವರ ಅಂಗಡಿಗೆ ಹೋಗಿ, ಸುತ್ತಿ ಬಳಸಿ ವಿಷಯಕ್ಕೆ ಬಂದೆ.

"ಸಾಬ್, ನಿಮ್ಮ ಬ್ರಷ್ ಯಾವ ಬಣ್ಣದ್ರಿ?"

ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿದವರು ಹಾಗೇ ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಹಲ್ಲು ತಿಕ್ಕುವ ಒಂದು ಮಿಸ್ವಾಕ್ ಕಡ್ಡಿ ತೆಗೆದು ತೋರಿಸಿದರು. "ನಮ್ದು ಕಡ್ಡಿ ಬಣ್ಣದ್ದು ನೋಡ್ರಿ. ಯಾಕ್ರಿ ಅಣ್ಣಾ, ತಬಿಯತ್ ಬರೋಬರ್ ಅದ ಇಲ್ಲೋ?"

ತನಿಖೆಯ ಮೊದಲ ಹಂತ ಹೀಗೆ ಮುಗಿಯಿತು. ಆ ಸಂಜೆ ರಜಾಕ್ ಸಾಬರ ಹೆಂಡತಿ ರಜಿಯಾಬಿ ಸುನಂದಾಳನ್ನು ಗೋಡೆಯ ಹತ್ತಿರ ಕರೆದು, "ಭಯ್ಯಾ ರಾತ್ರಿ ನಿದ್ದಿ ಮಾಡ್ತಾರೇನ್ರಿ?" ಎಂದು ವಿಚಾರಿಸಿದರಂತೆ.

ಎರಡನೆಯ ಹಂತ ವೈಜ್ಞಾನಿಕವಾಗಿತ್ತು. ಹಸಿರು ಬ್ರಷ್ಷಿನ ಹಿಡಿಕೆಗೆ ಸಣ್ಣಗೆ ಅರಿಷಿಣ ಸವರಿದೆ. ಯಾರ ಕೈ ಹಳದಿಯಾಗಿರುತ್ತದೋ ಅವರೇ ಅಪರಾಧಿ! ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗಿ ನೋಡಿದರೆ ಸುನಂದಾಳ ಕೈ ಹಳದಿ, ಬೇಳೆಗೆ ಅರಿಷಿಣ ಹಾಕುತ್ತಿದ್ದಳು. ಅತ್ತೆಯ ಕೈ ಹಳದಿ, ಹೊಸ್ತಿಲಿಗೆ ಅರಿಷಿಣ ಹಚ್ಚುತ್ತಿದ್ದರು. ಸಾಂಬಾರಿಗೆಂದು ಚಿಟಿಕೆ ಅರಿಷಿಣ ಇಸಿದುಕೊಳ್ಳಲು ಬಂದಿದ್ದ ರಜಿಯಾಬಿಯವರ ಕೈಯೂ ಹಳದಿ! ಇಡೀ ಮನೆಯಲ್ಲಿ ಹಳದಿ ಇರಲು ಯಾವ ಕಾರಣವೂ ಇಲ್ಲದೆ ಹಳದಿಯಾಗಿದ್ದ ಕೈ ಒಂದೇ ಒಂದು. ಅದು ನನ್ನದು. ಅಂಗಡಿಗೆ ಬಂದ ರೈತನೊಬ್ಬ, "ಏನ್ರಿ ಸಾವ್ಕಾರ, ಕಾಮಣಿ ಆಗ್ಯದೇನು?" ಎಂದು ಕೇಳಿ, ಔಷಧಿ ಕೊಡುವ ಮುದುಕನ ಊರು ಹೇಳಿ ಹೋದ.

ಇಷ್ಟಾದರೂ ನನ್ನ ಕುತೂಹಲ ತಣ್ಣಗಾಗಲಿಲ್ಲ. ರಾತ್ರಿ ಮಗ್ಗಲು ಬದಲಿಸುತ್ತಾ ಹಸಿರು ಬ್ರಷ್ಷನ್ನೇ ಧ್ಯಾನಿಸುತ್ತಿದ್ದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಬ್ರಷ್ಷನ್ನೇ ಎತ್ತಿಟ್ಟುಬಿಟ್ಟರೆ? ಕಳೆದುಕೊಂಡವರು ಹುಡುಕಲೇಬೇಕಲ್ಲ! ಮರುದಿನ ಎಲ್ಲರಿಗಿಂತ ಮೊದಲು ಎದ್ದು, ಅದನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿ, ಪಡಸಾಲೆಯಲ್ಲಿ ಪೇಪರು ಹಿಡಿದು ಕೂತೆ.

ಯಾರೂ ಹುಡುಕಲಿಲ್ಲ. ಅತ್ತೆ ಮಾತ್ರ ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗೆ ಕೊಡ, ತಂಬಿಗೆ ಸರಿದಾಡಿದ ಸದ್ದು. ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಇನ್ನಷ್ಟು ಕೆಳಗೆ ಎಳೆದುಕೊಂಡು, "ಸುನಂದಾ, ಅಳ್ಯಾರಿಗಿ ಕೇಳವ್ವಾ, ಬಚ್ಚಲಾಗ ಇಲಿ ಅದಾವೇನು?" ಎಂದರು.

"ಇಲ್ಲಂತ ಹೇಳು. ಒಂದೂ ಇಲ್ಲ," ಎಂದೆ ನಾನು, ಪೇಪರಿನಿಂದ ತಲೆ ಎತ್ತದೆ.

ನೋಡಿ, ಅಪರಾಧಿ ತಾನಾಗಿಯೇ ಪೊಲೀಸ್ ಠಾಣೆಗೆ ಬಂದು, ಹೆಸರು ಹೇಳಿ, ಸಹಿ ಹಾಕಿ ಹೋದರೂ ಮುಂದಿನವರನ್ನು ಕರೆಯಿರಿ ಅನ್ನುವ ಪೊಲೀಸಿನವನು ನಾನು!

ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಶ್ಯಾವಿಗೆಯ ಕೆಲಸ. ಅಂಗಳದ ಚಪ್ಪರದ ಕೆಳಗೆ ಓಣಿಯ ಹೆಂಗಸರೆಲ್ಲಾ ಸೇರಿದ್ದರು. ಒಬ್ಬರು ಹಿಟ್ಟು ನಾದಿದರೆ ಒಬ್ಬರು ಹೊಸೆಯುವುದು, ಇನ್ನೊಬ್ಬರು ಕೋಲಿಗೆ ಇಳಿಬಿಡುವುದು. ಅತ್ತೆ ನಡುವೆ ಕೂತಿದ್ದರು, ಆದರೆ ಮುಖ ಯಾಕೋ ಬಾಡಿತ್ತು. ಊಟವನ್ನೂ ಸರಿಯಾಗಿ ಮಾಡಿರಲಿಲ್ಲ. ನಾನು ಅಂಗಡಿಯಿಂದ ಊಟಕ್ಕೆ ಬಂದವನು ಇಷ್ಟು ಜನ ಒಂದೇ ಕಡೆ ಸಿಕ್ಕಿದ್ದು ಕಂಡು ಹಿಗ್ಗಿದೆ. ಇಷ್ಟು ದಿನ ಒಬ್ಬೊಬ್ಬರನ್ನೇ ಪರೀಕ್ಷಿಸಿದ್ದು ದಂಡ! ಜೇಬಿನಿಂದ ಬ್ರಷ್ ತೆಗೆದು, ತೊಗರಿ ಹರಾಜಿನಲ್ಲಿ ಸವಾಲು ಕೂಗುವ ದಲಾಲಿಯ ಹಾಗೆ ಎತ್ತಿ ಹಿಡಿದೆ.

"ನೋಡ್ರಿ ಎಲ್ಲಾರೂ! ಹಸಿರು ಬ್ರಷ್! ನಮ್ಮ ಬಚ್ಚಲಾಗ ಸಿಕ್ಕದ. ದಿನಾ ಮುಂಜಾನಿ ಒದ್ದಿ ಇರ್ತದ. ಇದು ಯಾರದು? ಒಂದು ಸಲ! ಎರಡು ಸಲ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರ ಬಾಯಿಗೆ ಹೆದರಿ ಹಾಲಿನವನು ಹಾಲಿಗೆ ನೀರು ಬೆರೆಸುವುದಿಲ್ಲವೋ ಆ ಹಿಂದಿನ ಮನೆಯ ಕಸ್ತೂರಿಬಾಯಿ ಅತ್ತೆಯ ತೊಡೆ ತಟ್ಟಿ, "ನಿಮ್ದೇನ್ರಿ ನೀಲಮ್ಮ? ಹಂದಿ ಕೂದಲಿಂದು!" ಎಂದು ಚೇಷ್ಟೆ ಮಾಡಿದರು. ಮತ್ತೆ ನಗು.

ಅತ್ತೆ ನಗಲಿಲ್ಲ. ಅವರ ಕೈಯಲ್ಲಿದ್ದ ಶ್ಯಾವಿಗೆಯ ಎಳೆ ಹರಿದು ಮಡಿಲಿಗೆ ಬಿತ್ತು. ಮೆಲ್ಲಗೆ ಎದ್ದು, ಕೈ ಒರೆಸಿಕೊಂಡು ಒಳಗೆ ಹೋದರು. ನಾನು "ಮೂರು ಸಲ" ಅನ್ನುವಷ್ಟರಲ್ಲಿ ಸುನಂದಾ ನನ್ನ ರಟ್ಟೆ ಹಿಡಿದು ಕಾಳಿನ ಕೋಣೆಗೆ ಎಳೆದೊಯ್ದಳು.

"ಅದು ನಮ್ಮವ್ವಂದು," ಎಂದಳು.

ನಾನು ಜೋಳದ ಚೀಲದ ಮೇಲೆ ಕುಸಿದು ಕೂತೆ.

"ಆಕಿ ಬಾಯಾಗ, ಗಲ್ಲದ ಒಳಗ ಬಿಳಿ ಕಲೆ ಬಂದದ್ರಿ. ಮಿಸ್ರಿ ಬಿಡ್ಲಿಲ್ಲಂದ್ರ ನಾಳೆ ಕ್ಯಾನ್ಸರ್ ಆದೀತು ಅಂತ ಆಳಂದದಾಗ ಡಾಕ್ಟರ್ ಹೇಳ್ಯಾರ. ಊರಾಗ ಇದ್ರ ಎಲ್ಲಾರೂ ಡಬ್ಬಿ ಮುಂದ ಹಿಡೀತಾರ, ಬಿಡಾಕ ಆಗಂಗಿಲ್ಲ ಅಂತ ಇಲ್ಲಿ ಬಂದಾಳ. ಶ್ಯಾವಿಗಿ ಬರೇ ನೆಪ. ಮುಂಜಾನಿ ಎದ್ದ ಕೂಡ್ಲೇ ಕೈ ಸೊಂಟಕ್ಕ ಹೋಗ್ತದಲ್ಲ, ಅದಕ್ಕ ನಾನೇ ಆ ಕೈಯಾಗ ಬ್ರಷ್ ಕೊಟ್ಟೀನಿ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ವಚನ ತಗೊಂಡಾಳ. ಬಂದಾಗಿಂದ ಮಿಸ್ರಿ ಮುಟ್ಟಿದ್ದಿಲ್ಲ."

"ನನಗರ ಹೇಳಬಾರ್ದಾಗಿತ್ತೇನ್ ಬೇ?"

"ನಿಮಗ ಹೇಳೋದೂ ಒಂದೇ, ಬಸ್ ಸ್ಟ್ಯಾಂಡಿನ ಮೈಕಿನಾಗ ಹೇಳೋದೂ ಒಂದೇ!" ಅವಳ ಕಣ್ಣು ತುಂಬಿದ್ದವು. "ಇವತ್ತು ಬ್ರಷ್ ಸಿಗ್ಲಿಲ್ಲಂತ ಕಸ್ತೂರಿಬಾಯಿ ಕಡಿಂದ ಒಂದು ಚಿಟಿಕಿ ಮಿಸ್ರಿ ಇಸ್ಕೊಂಡಾಳ. ಈಗ ಚೀಲ ತುಂಬಾಕತ್ತಾಳ. ಸಂಜಿ ಬಸ್ಸಿಗಿ ಹೊಂಟ್ಲಂದ್ರ ಮುಗೀತು. ಊರಿಗಿ ಹೋಗಿ ಮತ್ತ ಡಬ್ಬಿ ಹಿಡೀತಾಳ. ಏನ್ ಮಾಡ್ತೀರೋ ಮಾಡ್ರಿ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಷ್ಟು ದೊಡ್ಡ ಹಟದ ಹೆಂಗಸು, ಜೀವಮಾನವೆಲ್ಲಾ ಆಡಿಕೊಂಡು ನಕ್ಕ ವಸ್ತುವನ್ನು ಹಂಡೆಯ ಹಿಂದೆ ಬಚ್ಚಿಟ್ಟು, ಬೆಳಗಾಗುವ ಮೊದಲು ಎದ್ದು, ಕದ ಹಾಕಿಕೊಂಡು ಕಲಿಯುತ್ತಿದ್ದರು. ನಾನು ಅದನ್ನು ಓಣಿಯ ನಡುವೆ ಸವಾಲಿಗೆ ಇಟ್ಟಿದ್ದೆ. ಅವರನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು. ಅದಕ್ಕೆ ಆ ಬ್ರಷ್ಷಿಗೆ ಈಗಿಂದೀಗ ಒಬ್ಬ ಮಾಲೀಕ ಬೇಕಿತ್ತು.

ಅಂಗಳಕ್ಕೆ ಹೋಗಿ, ಗಂಟಲು ಸರಿ ಮಾಡಿಕೊಂಡು ಘೋಷಿಸಿದೆ. "ಈಗ ನೆನಪಾತು ನೋಡ್ರಿ. ಅದು ನಂದೇ!"

ನಗು ನಿಂತಿತು. ಅದಕ್ಕಿಂತ ಅಪಾಯದ್ದು ಶುರುವಾಯಿತು. ಪ್ರಶ್ನೆಗಳು.

"ನಿಮ್ದು ನೀಲಿ ಅಂತಿದ್ರಲ್ರಿ?" ರಜಿಯಾಬಿ ಕೇಳಿದರು.

"ನೀಲೀನೂ ನಂದೇ. ಹಸಿರೂ ನಂದೇ."

"ಎರಡು ಯಾಕ್ರಿ?" ಇದು ಕಸ್ತೂರಿಬಾಯಿ.

ಬಾಯಿಗೆ ಬಂದದ್ದನ್ನು ಹೇಳಿದೆ. "ನೀಲಿ ಮ್ಯಾಲಿನ ಹಲ್ಲಿಗಿ. ಹಸಿರು ಕೆಳಗಿನ ಹಲ್ಲಿಗಿ. ಮ್ಯಾಲಿನ ಹಲ್ಲಿನ ಹುಳ ಬ್ಯಾರೆ ಇರ್ತಾವ, ಕೆಳಗಿನ ಹಲ್ಲಿನ ಹುಳ ಬ್ಯಾರೆ. ಅವು ಒಂದಕ್ಕೊಂದು ಕೂಡಬಾರ್ದು."

"ಬಾಯಿ ಮುಚ್ಚಿದಾಗ ಕೂಡಂಗಿಲ್ಲೇನ್ರಿ ಮತ್ತ?"

ನಾನು ತಟ್ಟನೆ ಬಾಯಿ ಅಗಲಿಸಿ ಹಿಡಿದೆ.

"ಮತ್ತ ತಮ್ದು ತಮಗ ಗೊತ್ತಿಲ್ದ ಸವಾಲ್ ಯಾಕ್ ಕೂಗಿದ್ರಿ?" ಎಂದರು ಕಸ್ತೂರಿಬಾಯಿ, ಕಣ್ಣು ಸಣ್ಣ ಮಾಡಿ. "ಇದರಾಗ ಏನೋ ಅದ." ಅವರ ನೋಟ ಒಬ್ಬೊಬ್ಬರ ಮುಖದ ಮೇಲೂ ಹಾದು, ಚೀಲ ಹಿಡಿದು ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯ ಮೇಲೆ ಬಂದು ನಿಂತಿತು. ಬೆಳಿಗ್ಗೆ ತಮ್ಮಿಂದ ಮಿಸ್ರಿ ಇಸಿದುಕೊಂಡದ್ದು ಅವರಿಗೆ ನೆನಪಾಗುತ್ತಿತ್ತು ಎಂದು ನನಗೆ ಅನ್ನಿಸಿತು.

ಆಗ ಅತ್ತೆ ಚೀಲವನ್ನು ಕೆಳಗಿಟ್ಟರು. ಸೆರಗನ್ನು ಹಣೆಯಿಂದ ಸ್ವಲ್ಪ ಹಿಂದೆ ಸರಿಸಿದರು. ನೇರ ನನ್ನ ಮುಖ ನೋಡಿದರು. ನಮ್ಮ ಮದುವೆಯಾದ ಮೇಲೆ ಅವರು ನನ್ನೊಂದಿಗೆ ಆಡಿದ ಮೊಟ್ಟಮೊದಲ ನೇರ ಮಾತು ಹೀಗಿತ್ತು.

"ಖರೇ ನಿಮ್ದಾದ್ರ ತಿಕ್ಕಿ ತೋರಸ್ರಿ."

ಟೆಲಿಫೋನ್ ಎಕ್ಸ್‌ಚೇಂಜು ದಂಗಾಗಿ ನಿಂತಿತ್ತು.

ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಾಯಿಗೆ ಇಡಲೇಬಾರದು ಎಂದು ಡಾಕ್ಟರು ಹೇಳಿದ್ದು ನನಗೆ ಅಕ್ಷರಶಃ ನೆನಪಿತ್ತು. ಗಂಡ-ಹೆಂಡತಿಯ ಬಗ್ಗೆ ಹೇಳಿದ್ದರು. ಅಳಿಯ-ಅತ್ತೆಯ ಬಗ್ಗೆ ಹೇಳಬೇಕಾದೀತು ಎಂದು ಪಾಪ ಅವರಿಗೆ ಹೊಳೆದಿರಲಾರದು! ನಲ್ಲಿಯ ಹತ್ತಿರ ಹೋಗಿ ಬ್ರಷ್ಷನ್ನು ತೊಳೆದೆ. ಮತ್ತೆ ತೊಳೆದೆ. "ಹಸಿರು ಬಣ್ಣ ಹೋದೀತ್ರಿ," ಎಂದು ಯಾರೋ ಕೂಗಿದರು. ಇನ್ನು ತಡ ಮಾಡುವಂತಿರಲಿಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆದು, ಓಣಿಯ ಸಮಸ್ತ ಮಹಿಳೆಯರ ಸಮಕ್ಷಮದಲ್ಲಿ ಹಲ್ಲು ತಿಕ್ಕಿದೆ. ನನ್ನ ಸಿದ್ಧಾಂತಕ್ಕೆ ಬದ್ಧನಾಗಿ, ಕೆಳಗಿನವು ಮಾತ್ರ!

"ಖರೇನೇ ಅವರ್ದೇ ಅದ," ಎಂದರು ಕಸ್ತೂರಿಬಾಯಿ ನಿರಾಸೆಯಿಂದ. "ಹುಚ್ಚ ಹಿಡದದ ಪಾಪ. ಬರ್ರಿ ನೀಲಮ್ಮ, ಹಿಟ್ಟು ಒಣಗಾಕತ್ತದ."

ಅತ್ತೆ ಮತ್ತೆ ಶ್ಯಾವಿಗೆಗೆ ಕೂತರು. ಚೀಲವನ್ನು ಸುನಂದಾ ಸದ್ದಿಲ್ಲದೆ ಒಳಗೆ ಇಟ್ಟಳು. ಸೆರಗು ಬಾಯಿಗೆ ತುರುಕಿಕೊಂಡು ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಕೇಳುವ ಕುತೂಹಲವಿತ್ತು. ಧೈರ್ಯವಿರಲಿಲ್ಲ. ಮಳೆಗಾಲ ಹಿಡಿಯುವವರೆಗೂ ಅತ್ತೆ ನಮ್ಮಲ್ಲೇ ಉಳಿದರು, ಮಿಸ್ರಿಯನ್ನು ಮತ್ತೆ ಮುಟ್ಟಲಿಲ್ಲ. ಮರಳಿ ತೋರಿಸಿದಾಗ ಕಲೆ ತಿಳಿಯಾಗುತ್ತಾ ಬಂದಿದೆ ಎಂದು ಆಳಂದದ ಡಾಕ್ಟರು ಹೇಳಿದರಂತೆ. ಆ ಮಾತು ಕೇಳಿದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಕೂತು ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಆದರೆ ಶ್ಯಾವಿಗೆಯ ಆ ಸಂಜೆಗೆ ಬರೋಣ. ಹೆಂಗಸರೆಲ್ಲಾ ಮನೆಗೆ ಹೋದ ಮೇಲೆ ಲೈನು ಮತ್ತೆ ಮೊದಲಿನ ಹಾಗೆ ಶುರುವಾಯಿತು. ಅಡುಗೆಮನೆಯಿಂದ ಸೆರಗಿನ ಮರೆಯ ದನಿ ಬಂತು.

"ಸುನಂದಾ, ಅಳ್ಯಾರಿಗಿ ಹೇಳವ್ವಾ, ಒಂದು ಹೊಸಾ ಹಸಿರು ಬ್ರಷ್ ತರ್ಲಿ. ಮಂದಿ ಎಂಜಲ ನನಗ ನಡ್ಯಂಗಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಜಾರು ಮುಟ್ಟಿತ್ತು. ಅಂಗಡಿಯವನು ನನ್ನನ್ನು ಕಂಡ ಕೂಡಲೇ ಬ್ರಷ್ಷಿನ ಡಬ್ಬಿಯನ್ನೇ ಇಳಿಸಿ ಮುಂದಿಟ್ಟು, ಬಹಳ ಗೌರವದಿಂದ ಕೇಳಿದ.

"ಯಾವುದು ಸವೆದದ್ರಿ ಸಾವ್ಕಾರ, ಮ್ಯಾಲಿಂದೋ ಕೆಳಗಿಂದೋ?"

ನಾನು ಅತ್ತ ಇತ್ತ ನೋಡಿ, ತಲೆ ತಗ್ಗಿಸಿ, "ಕೆಳಗಿಂದು" ಎಂದೆ.